ಎರಡು ಕಾಲಿನ ಚೀಲ

ಒಂದು ಕಿಲೋ ಹಿಡಿಯುವ ಸಣ್ಣ ಚೀಲ ಹೊಲಿಯುವುದು ದೊಡ್ಡ ಕೆಲಸವೇನಲ್ಲ. ಬಳ್ಳಾರಿಯಲ್ಲಿ ಮೂವತ್ತು ವರ್ಷ ಜೀನ್ಸ್ ಹೊಲಿದವಳಿಗೆ ಅದು ಕೆಲಸವೇ ಅಲ್ಲ. ಈ ಮಾತನ್ನು ನಾನು ಡಾಕ್ಟರ ಮುಂದೆ, ನರ್ಸಿನ ಮುಂದೆ, ನನ್ನ ತಮ್ಮನ ಹೆಂಡತಿ ನಿರ್ಮಲಾಳ ಮುಂದೆ ಹೇಳಿದೆ. ಸಾಕ್ಷಿಗಳು ಮೂವರು. ಆದ್ದರಿಂದ ಈಗ ಹೇಳಿಲ್ಲ ಎನ್ನಲು ಬರುವುದಿಲ್ಲ.

ಚೀಲ ಬೇಕಾಗಿದ್ದು ನಿರ್ಮಲಾಳ ಮಗಳು ಗಂಗಾಳಿಗೆ. ಕುರುಗೋಡಿನಲ್ಲಿ ನಾಲ್ಕನೇ ತರಗತಿ ಓದುತ್ತಾಳೆ. ಓದುತ್ತಾಳೆ ಎನ್ನುವುದು ವಾಡಿಕೆಯ ಮಾತು. ಅವಳ ರಬ್ಬರು ಕೆಳಗೆ ಬೀಳುತ್ತದೆ. ಎತ್ತಿಕೊಳ್ಳಲು ಬಗ್ಗಿದರೆ ಅಲ್ಲೊಂದು ಇರುವೆ ಕಾಣುತ್ತದೆ. ಇರುವೆಯ ಹಿಂದೆ ಹೋದರೆ ಬಾಗಿಲು ಬರುತ್ತದೆ. ಬಾಗಿಲಿಗೆ ಬಂದಮೇಲೆ ಬೀದಿ ನೋಡದೆ ಇರಲಾಗುತ್ತದೆಯೇ? ಬೆಳಗಿನಿಂದ ಶಾಲೆಯ ಮುಂದೆ ಎಷ್ಟು ಟ್ರ್ಯಾಕ್ಟರ್ ಹೋದವು, ಯಾವುದಕ್ಕೆ ಯಾವ ಬಣ್ಣ, ಎಲ್ಲ ಹೇಳುತ್ತಾಳೆ. ಬೋರ್ಡಿನ ಮೇಲೆ ಬರೆದದ್ದೊಂದು ಬಿಟ್ಟು ಉಳಿದದ್ದೆಲ್ಲ ಅವಳಿಗೆ ಗೊತ್ತು.

ಶೈಲಜಾ ಟೀಚರ್ ಕೆಟ್ಟವರಲ್ಲ. ಮೂವತ್ತೆರಡು ಮಕ್ಕಳು, ಒಬ್ಬರೇ ಟೀಚರು. ಕೂಗಿ ಕೂಗಿ ಸಾಕಾಗಿ, ದಸರಾ ರಜೆ ಮುಗಿದ ಮೇಲೆ ಒಂದು ಚಾಪೆ ಕೊಟ್ಟು ಗಂಗಾಳನ್ನು ಹೊರಗೆ ಪಡಸಾಲೆಯಲ್ಲಿ ಕೂರಿಸಿಬಿಟ್ಟರು. ಹೀಗೆ ಎರಡು ತಿಂಗಳು. ಒಂದು ದಿನ ನಿರ್ಮಲಾ ಹೋಂವರ್ಕ್ ಕೇಳಿದಾಗ ಹುಡುಗಿ ಹೇಳಿದಳಂತೆ, "ನಾನು ಸಾಲಿಗೆ ಹೋಗ್ತೀನಿ ಅಮ್ಮಾ. ಸಾಲಿ ಒಳಗ ಹೋಗಂಗಿಲ್ಲ."

ಅವಳು ಅದನ್ನು ದೂರಿನಂತೆ ಹೇಳಲಿಲ್ಲ. ವಿಷಯ ತಿಳಿಸುವ ಹಾಗೆ ಹೇಳಿದಳು. ಅದಕ್ಕೇ ನಿರ್ಮಲಾ ಅತ್ತುಕೊಂಡು ನನಗೆ ಫೋನ್ ಮಾಡಿದಳು.

ಬಳ್ಳಾರಿಯ ಆಸ್ಪತ್ರೆಗೆ ಅವರನ್ನು ನಾನೇ ಕರೆದುಕೊಂಡು ಹೋದೆ. ಅಲ್ಲಿ ಯಾವ ಬಾಗಿಲು ಎಲ್ಲಿಗೆ ಹೋಗುತ್ತದೆ, ಯಾವ ನಲ್ಲಿಯಲ್ಲಿ ನೀರು ಬರುತ್ತದೆ ಎಂಬುದೆಲ್ಲ ನನಗೆ ಕಳೆದ ಬೇಸಿಗೆಯಲ್ಲಿ ನಮ್ಮವರ ಜೊತೆ ಇದ್ದಾಗ ಬಾಯಿಪಾಠವಾಗಿತ್ತು. ನಮ್ಮವರು ಮನೆಗೆ ಬರಲಿಲ್ಲ. ಬಾಯಿಪಾಠ ಮಾತ್ರ ಉಳಿಯಿತು.

ಮಕ್ಕಳ ಡಾಕ್ಟರು ಗಂಗಾಳ ಜೊತೆ ಬಹಳ ಹೊತ್ತು ಮಾತಾಡಿದರು. ಅಷ್ಟರಲ್ಲಿ ಅವಳು ಅವರ ಮೇಜಿನ ಮೇಲಿನ ಪೆನ್ನು ಬಿಚ್ಚಿ, ಸ್ಪ್ರಿಂಗು ತೆಗೆದು, ಮತ್ತೆ ಹಾಕಿದ್ದಳು.

"ಇದು ಮೊಂಡುತನ ಅಲ್ಲಮ್ಮ," ಎಂದರು ಡಾಕ್ಟರು. "ಗಮನ ಒಂದು ಕಡೆ ನಿಲ್ಲಿಸೋದು ಈ ಮಗುವಿಗೆ ಕಷ್ಟ. ಬೈದರೆ ಹೋಗೋದಲ್ಲ." ಟೀಚರಿಗೆ ಒಂದು ಚೀಟಿ ಬರೆದುಕೊಟ್ಟರು. ಮುಂದಿನ ಬೆಂಚಿನಲ್ಲಿ ಕೂರಿಸಿ, ಒಮ್ಮೆಗೆ ಒಂದೇ ಸಣ್ಣ ಕೆಲಸ ಕೊಡಿ, ಆಗಾಗ ಎದ್ದು ಚಾಕ್‌ಪೀಸ್ ತರುವಂಥ ಕೆಲಸ ಹೇಳಿ. ಕೊನೆಗೆ ಇನ್ನೊಂದು. "ತೊಡೆ ಮೇಲೆ ಒಂದು ಕಿಲೋ ಭಾರದ ಸಣ್ಣ ಚೀಲ ಇಟ್ಟರೆ ಕೆಲವು ಮಕ್ಕಳಿಗೆ ಕೂರೋಕೆ ಅನುಕೂಲ ಆಗುತ್ತೆ. ಮೆತ್ತಗಿನ ದಪ್ಪ ಬಟ್ಟೆ ಇರಲಿ. ಒಳಗೆ ಕಾಳೋ ಭತ್ತವೋ ಹಾಕಿ. ಮನೇಲಿ ಹೊಲಿಗೆ ಬರೋರು ಯಾರಾದರೂ ಇದ್ದಾರಾ?"

ಆಗಲೇ ನಾನು ಆ ಮಾತು ಹೇಳಿದ್ದು.

ಟೀಚರು ಚೀಟಿ ಓದಿ ಫೋನಿನಲ್ಲೇ ಒಪ್ಪಿಕೊಂಡರು. "ಸೋಮವಾರದಿಂದ ಒಂದು ವಾರ ಒಳಗ ಕುಂದ್ರಸಿ ನೋಡ್ತೀನ್ರಿ. ಆಗಲಿಲ್ಲ ಅಂದ್ರ ಮತ್ತ ಚಾಪಿ. ನನಗೂ ಬ್ಯಾರೆ ದಾರಿ ಇಲ್ರಿ." ಅಂದರೆ ಹುಡುಗಿ ಒಳಗೋ ಹೊರಗೋ ಎಂಬುದು ನನ್ನ ಚೀಲದ ಮೇಲೆ ನಿಂತಿತು. ನಾನು ನಿಶ್ಚಿಂತೆಯಿಂದ ಇದ್ದೆ.

ಮೊದಲು ಭತ್ತ. ಸಿರುಗುಪ್ಪದಲ್ಲಿರುವ ನಾದಿನಿಗೆ ಫೋನ್ ಮಾಡಿದೆ.

"ಒಂದೆರಡು ಸೇರು ಭತ್ತ ಬೇಕಾಗಿತ್ತವ್ವಾ."

"ಎರಡು ಸೇರಾ? ಎರಡು ಸೇರು ಕೊಟ್ರ ನೋಡಿದವರು ಏನಂತಾರ? ನಾಳಿ ಬಸ್ಸಿಗೆ ಹಾಕ್ತೀನಿ, ಇಳಿಸ್ಕ್ಯಾ."

ಸಿರುಗುಪ್ಪದವರಿಗೆ ಭತ್ತವನ್ನು ಸಣ್ಣ ಲೆಕ್ಕದಲ್ಲಿ ಕೊಟ್ಟು ಅಭ್ಯಾಸವಿಲ್ಲ. ಮರುದಿನ ಹದಿನೈದು ಕಿಲೋದ ಮೂಟೆ ಬಂತು.

ಇನ್ನು ಬಟ್ಟೆ. ಹೊಸ ಜೀನ್ಸ್ ಬಟ್ಟೆ ರಟ್ಟಿನ ಹಾಗೆ ಇರುತ್ತದೆ. ಹುಡುಗಿಯ ತೊಡೆ ಕೆರೆದೀತು. ಹಲವು ಸಲ ಒಗೆದ ಹಳೆಯ ಬಟ್ಟೆಯೇ ಆಗಬೇಕು. ಮನೆಯಲ್ಲಿದ್ದ ಅತಿ ಮೆತ್ತನೆಯ ಜೀನ್ಸ್ ಬಾಗಿಲ ಹಿಂದೆ ಮೊಳೆಗೆ ನೇತಾಡುತ್ತಿತ್ತು. ನಮ್ಮವರ ಪ್ಯಾಂಟು. ಎಂಟು ತಿಂಗಳಿಂದ ಅಲ್ಲೇ ಇತ್ತು. ಉಳಿದ ಬಟ್ಟೆಯನ್ನೆಲ್ಲ ಬಂಧುಗಳು ಹೇಳಿದಂತೆ ಕೊಟ್ಟುಬಿಟ್ಟಿದ್ದೆ. ಇದನ್ನು ಮಾತ್ರ, ಬಾಗಿಲು ತೆರೆದಾಗ ಅದು ಹಿಂದೆ ಮುಚ್ಚಿಹೋಗುತ್ತಿದ್ದರಿಂದ, ಯಾರೂ ನೋಡಿರಲಿಲ್ಲ.

ಇಲ್ಲಿ ನಮ್ಮ ಕೆಲಸದ ಪದ್ಧತಿಯನ್ನು ಸ್ವಲ್ಪ ವಿವರಿಸಬೇಕು. ಒಂದು ಜೀನ್ಸ್ ಪ್ಯಾಂಟನ್ನು ಒಬ್ಬರೇ ಹೊಲಿಯುತ್ತಾರೆ ಎಂದು ಹೊರಗಿನವರು ತಿಳಿದಿರುತ್ತಾರೆ. ಹಾಗಲ್ಲ. ಒಬ್ಬರು ಕತ್ತರಿಸುತ್ತಾರೆ, ಒಬ್ಬರು ಜಿಪ್ ಹಾಕುತ್ತಾರೆ, ಒಬ್ಬರು ಸೊಂಟಪಟ್ಟಿ, ಒಬ್ಬರು ಗುಂಡಿ. ನನ್ನದು ಹಿಂದಿನ ಜೇಬು. ಮೂವತ್ತು ವರ್ಷ ಹಿಂದಿನ ಜೇಬು. ನಮ್ಮವರು ಕಟಿಂಗ್ ಮಾಸ್ತರ್. ಅವರು ಕತ್ತರಿಸುವವರು, ನಾನು ಕೂಡಿಸುವವಳು. ಮನೆಯಲ್ಲೂ ಇದೇ ವಿಭಾಗ. ಹಾಲಿನ ಪಾಕೀಟು ಕೂಡ ಅವರೇ ಕತ್ತರಿಸುತ್ತಿದ್ದರು. ಈಗ ನಾನು ಹಲ್ಲಿನಿಂದ ಕಡಿಯುತ್ತೇನೆ.

ಶನಿವಾರ ಮಧ್ಯಾಹ್ನ ಪ್ಯಾಂಟನ್ನು ನೆಲದ ಮೇಲೆ ಹಾಸಿದೆ. ಅವರ ದೊಡ್ಡ ಕತ್ತರಿ ತಂದೆ. ಮೊಣಕಾಲಿನ ಹತ್ತಿರ ಒಂದು ತುಂಡು ತೆಗೆದರೆ ಸಾಕಿತ್ತು. ಕತ್ತರಿ ಬಾಯಿ ತೆರೆದೆ. ಮುಚ್ಚಿದೆ. ಕತ್ತರಿ ನನ್ನ ಕೈಗೆ ದೊಡ್ಡದು ಎಂದುಕೊಂಡೆ. ಚಹಾ ಮಾಡಿ ಕುಡಿದೆ. ಬಂದು ಮತ್ತೆ ತೆರೆದೆ. ಬೆಳಕು ಸಾಲದು ಎಂದುಕೊಂಡೆ. ಮಧ್ಯಾಹ್ನ ಮೂರು ಗಂಟೆ, ಅದೂ ಬಳ್ಳಾರಿಯಲ್ಲಿ, ಬೆಳಕು ಸಾಲಲಿಲ್ಲ.

ಕೊನೆಗೆ ಒಂದು ಯೋಚನೆ ಹೊಳೆಯಿತು. ಪ್ಯಾಂಟನ್ನು ಕತ್ತರಿಸಬೇಕು ಎಂದು ಯಾರು ಹೇಳಿದರು? ಕೆಳಗೆ ಎರಡು ಬಾಯಿ, ಮೇಲೆ ಒಂದು ಬಾಯಿ. ಮೂರನ್ನೂ ಮುಚ್ಚಿದರೆ ಅದೇ ಚೀಲ. ಕತ್ತರಿಯ ಕೆಲಸವೇ ಇಲ್ಲ.

ಕಾಲಿನ ತುದಿ ಎರಡನ್ನೂ ಮಷೀನಿನಲ್ಲಿ ಹೊಲಿದು ಒಂದು ಕಿಲೋ ಭತ್ತ ಸುರಿದೆ. ಅದು ಪಾದದ ಹತ್ತಿರ ಹೋಗಿ ಕೂತಿತು. ಹೀಗಾದರೆ ತೊಡೆಯ ಮೇಲೆ ಇಡುವುದು ಹೇಗೆ? ಇನ್ನೊಂದು ಕಿಲೋ ಸುರಿದೆ. ಎರಡು ಕಾಲು ಸಮ ಇರಬೇಕಲ್ಲ. ಇನ್ನೆರಡು. ಒಂದು ಕಿಲೋಗೆ ಹುಡುಗಿ ಸ್ವಲ್ಪ ಹೊತ್ತು ಕೂತರೆ, ಹೆಚ್ಚು ಕಿಲೋಗೆ ಹೆಚ್ಚು ಹೊತ್ತು ಕೂರಬೇಕು ಎಂಬ ಗಣಿತವೂ ನೆರವಿಗೆ ಬಂತು. ಹನ್ನೆರಡು ಕಿಲೋ ಆದಮೇಲೆ ಸೊಂಟವನ್ನು ದಬ್ಬಣದಿಂದ ಹೊಲಿದು ಮುಚ್ಚಿದೆ. ಗೋಡೆಗೆ ಒರಗಿಸಿದರೆ ಮೊಣಕಾಲು ಮಡಚಿ ತಾನೇ ಕೂತುಕೊಂಡಿತು.

ಅದನ್ನು ನೋಡುತ್ತ ನಾನೂ ಎದುರಿಗೆ ಸ್ವಲ್ಪ ಹೊತ್ತು ಕೂತೆ.

ಸೋಮವಾರ ಬೆಳಿಗ್ಗೆ ಕುರುಗೋಡಿನ ಬಸ್ಸು. ಚೀಲವನ್ನು ಪಕ್ಕದ ಸೀಟಿನ ಮೇಲೆ ಇಟ್ಟೆ. ಅದು ಕಾಲು ಇಳಿಬಿಟ್ಟು ಸರಿಯಾಗಿ ಕೂತಿತು. ಕಂಡಕ್ಟರ್ ಬಂದು ನನ್ನ ಆಧಾರ್ ಕಾರ್ಡ್ ನೋಡಿದ. ಆಮೇಲೆ ಪಕ್ಕಕ್ಕೆ ನೋಡಿದ.

"ನಿಮಗ ಫ್ರೀ ಐತ್ರಿ. ಇವರಿಗೆ?"

"ಅದು ಭತ್ತ ಅಪ್ಪಾ."

"ಭತ್ತ ಆದ್ರ ಲಗೇಜು. ಗಂಡಸರಾದ್ರ ಫುಲ್ ಟಿಕೆಟ್. ಯಾವುದು ಕೊಡ್ಲಿ, ನೀವಽ ಹೇಳ್ರಿ."

ಬಸ್ಸು ನಕ್ಕಿತು. ನಿಂತಿದ್ದ ಮುದುಕನೊಬ್ಬ, "ಸ್ವಲ್ಪ ಸರಿಯಾಕ ಹೇಳ್ರಿ ಯಜಮಾನ್ರಿಗೆ, ನಾನೂ ಕುಂದ್ರತೀನಿ," ಎಂದ. ಇನ್ನೂ ನಕ್ಕರು. ನನಗೂ ನಗು ಬಂತು. ಎಂಟು ತಿಂಗಳಲ್ಲಿ ಬಂದದ್ದು ಅದೇ ಮೊದಲು.

"ಗಂಡಸರ ಟಿಕೆಟ್ಟಽ ಕೊಡಪ್ಪಾ," ಎಂದೆ.

ಕಂಡಕ್ಟರ್ ನನ್ನ ಮುಖ ನೋಡಿದ. ಮತ್ತೆ ತಮಾಷೆ ಮಾಡಲಿಲ್ಲ. ಟಿಕೆಟ್ ಕೊಟ್ಟು ಮೆಲ್ಲಗೆ ಹೇಳಿದ, "ಕಿಟಕಿ ಕಡಿ ಕುಂದ್ರಸ್ರಿ ಅಮ್ಮಾ. ತಿರುವಿನ್ಯಾಗ ಬೀಳ್ತಾರ."

ಕಿಟಕಿಯ ಕಡೆ ಕೂರಿಸಿದೆ. ಕುರುಗೋಡಿನ ತನಕ ಒಂದು ಕೈ ಅವರ ಮೊಣಕಾಲಿನ ಮೇಲೆ ಇಟ್ಟುಕೊಂಡಿದ್ದೆ, ಬೀಳದ ಹಾಗೆ.

ಶಾಲೆಯ ಬಾಗಿಲಲ್ಲಿ ಶೈಲಜಾ ಟೀಚರು ಚೀಲವನ್ನೂ ನನ್ನನ್ನೂ ನೋಡಿದರು.

"ಅಕ್ಕಾರ, ಚೀಲ ತರ್ತೀನಿ ಅಂದಿದ್ರಿ."

"ಇದು ಚೀಲಾನ ಟೀಚರ್."

"ಇದಕ್ಕ ಕಾಲು ಅದಾವಲ್ರಿ."

"ಎರಡು ಅದಾವ್ರಿ," ಎಂದೆ.

ಅಷ್ಟರಲ್ಲಿ ಗಂಗಾ ಓಡಿ ಬಂದು ಅದನ್ನು ತಬ್ಬಿ ನೋಡಿದಳು. ಪ್ಯಾಂಟಿನ ಗುರುತು ಹತ್ತಿತು. "ಅತ್ತೀ, ಮಾಮನ ಕಾಲು ಇಷ್ಟು ದಪ್ಪ ಯಾವಾಗ ಆದವು?"

ನಿರ್ಮಲಾ ಮಗಳ ಬಾಯಿ ಮುಚ್ಚಲು ಹೋದಳು. "ಊಟ ಚಲೋ ಹಾಕೀನಿ," ಎಂದೆ ನಾನು.

ಮುಂದಿನ ಬೆಂಚಿನಲ್ಲಿ ಗಂಗಾಳನ್ನು ಕೂರಿಸಿ, ಒಂದು ಕಾಲನ್ನು ಅವಳ ತೊಡೆಯ ಮೇಲೆ, ಇನ್ನೊಂದನ್ನು ಬೆಂಚಿನ ಮೇಲೆ ಇಟ್ಟೆವು. ಹುಡುಗಿ ಅಲ್ಲಾಡಲಿಲ್ಲ. ಅಲ್ಲಾಡಲು ಬರುವ ಹಾಗೂ ಇರಲಿಲ್ಲ. ಟೀಚರು ಗುಣಾಕಾರ ಶುರು ಮಾಡಿದರು. ನಾನೂ ನಿರ್ಮಲಾಳೂ ಕಿಟಕಿಯ ಹೊರಗೆ ನಿಂತೆವು. ಐದು ನಿಮಿಷ. ಹತ್ತು ನಿಮಿಷ. ಗಂಗಾಳ ಕಣ್ಣು ಬೋರ್ಡಿನ ಮೇಲೆಯೇ ಇತ್ತು.

"ಯಕ್ಕಾ, ಕುಂತಾಳ," ಎಂದಳು ನಿರ್ಮಲಾ, ನನ್ನ ಕೈ ಹಿಡಿದುಕೊಂಡು.

"ಹನ್ನೆರಡು ಕಿಲೋ," ಎಂದೆ ನಾನು, ದೊಡ್ಡ ವೈದ್ಯರ ಗತ್ತಿನಲ್ಲಿ.

ಕಣ್ಣು ಬೋರ್ಡಿನ ಮೇಲಿತ್ತು, ನಿಜ. ಕೈ ಎಲ್ಲಿದೆ ಎಂದು ನಾವು ನೋಡಲಿಲ್ಲ. ಸುಮ್ಮನೆ ಇರಲಾಗದ ಕೈ ಅದು, ಡಾಕ್ಟರ ಪೆನ್ನು ಬಿಚ್ಚಿದ ಕೈ. ಅದಕ್ಕೆ ಆಡಲು ಏನೋ ಒಂದು ಸಿಕ್ಕಿತ್ತು. ಮೇಲೆ, ಕೆಳಗೆ. ಮೇಲೆ, ಕೆಳಗೆ. ಜೀನ್ಸಿಗೆ ಜಿಪ್ ಇರುತ್ತದೆ ಎಂಬ ಸಂಗತಿ ಮೂವತ್ತು ವರ್ಷ ಜೀನ್ಸ್ ಹೊಲಿದವಳಿಗೆ ಹೊಳೆದಿರಲಿಲ್ಲ. ಹೇಳಿದೆನಲ್ಲ, ನನ್ನದು ಹಿಂದಿನ ಜೇಬು. ಜಿಪ್ಪು ಬೇರೆಯವರ ವಿಭಾಗ.

ಮೊದಲು ಒಂದು ಸಣ್ಣ ಧಾರೆ. ಆಮೇಲೆ ದೊಡ್ಡ ಧಾರೆ. ಬೆಂಚಿನಿಂದ ನೆಲಕ್ಕೆ ಸರ್ರನೆ ಭತ್ತ ಇಳಿಯತೊಡಗಿತು. ಹಿಂದಿನ ಬೆಂಚಿನ ಹುಡುಗರು ಎದ್ದು ನಿಂತು ಭತ್ತ ಎಲ್ಲಿಂದ ಬರುತ್ತಿದೆ ಎಂದು ನೋಡಿ ಬಿದ್ದು ಬಿದ್ದು ನಕ್ಕರು. ಯಾಕೆ ನಕ್ಕರೆಂದು ನಾನು ಬರೆಯುವುದಿಲ್ಲ. ಗಂಗಾ ಜಿಪ್ ಮೇಲೆಳೆಯಲು ಹೋದಳು. ಅದು ಭತ್ತ ಕಚ್ಚಿಕೊಂಡು ನಿಂತಿತು. ಎತ್ತಿ ಹಿಡಿಯಲು ಹೋದಳು. ಎರಡನೇ ಕಾಲೂ ಖಾಲಿಯಾಗತೊಡಗಿತು.

ಶಾಲೆಯ ಪಕ್ಕದ ಮನೆಯವರು ಕೋಳಿ ಸಾಕಿದ್ದಾರೆ. ಕೋಳಿಗಳಿಗೆ ಯಾರು ಹೇಳಿ ಕಳಿಸಿದರೋ ಗೊತ್ತಿಲ್ಲ. ಮೊದಲು ಒಂದು ಹುಂಜ ಬಾಗಿಲಲ್ಲಿ ನಿಂತು ತರಗತಿಯನ್ನು ಪರಿಶೀಲಿಸಿತು, ಶಿಕ್ಷಣಾಧಿಕಾರಿಗಳ ಹಾಗೆ. ಆಮೇಲೆ ಅದರ ಸಂಸಾರ ಬಂತು. ಎರಡು ಮೇಕೆಗಳು ಬಂದವು. ಮಕ್ಕಳು ಬೆಂಚು ಹತ್ತಿದರು. ಟೀಚರು ಸ್ಕೇಲು ಹಿಡಿದು ಕೋಳಿಗಳ ಹಿಂದೆ, ನಾನು ಮೇಕೆಗಳ ಹಿಂದೆ, ನಿರ್ಮಲಾ ನನ್ನ ಹಿಂದೆ. ಒಬ್ಬಳ ಗಮನ ನಿಲ್ಲಿಸಲು ಹೋಗಿ ಮೂವತ್ತೆರಡು ಮಕ್ಕಳ, ಒಬ್ಬರು ಟೀಚರ, ಏಳು ಕೋಳಿಗಳ ಗಮನ ಕೆಡಿಸಿದ ಕೀರ್ತಿ ನನಗೆ ಸಲ್ಲಬೇಕು.

ಎಲ್ಲವನ್ನೂ ಹೊರಗೆ ಹಾಕಿದ ಮೇಲೆ ಟೀಚರು ಸೆರಗಿನಿಂದ ಮುಖ ಒರೆಸಿಕೊಂಡರು. ಗಂಗಾ ಖಾಲಿ ಪ್ಯಾಂಟನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದಳು. ಯಾರೂ ಏನೂ ಹೇಳುವ ಮೊದಲೇ ಮೂಲೆಗೆ ಹೋಗಿ ಚಾಪೆ ಎತ್ತಿಕೊಂಡಳು. ಬಾಗಿಲ ಕಡೆ ನಡೆದಳು. ಅಳಲಿಲ್ಲ. ದಾರಿ ಗೊತ್ತಿರುವವರು ನಡೆಯುವ ಹಾಗೆ ನಡೆದಳು.

ನನ್ನ ನಗು ಅಲ್ಲಿಗೆ ನಿಂತಿತು.

"ಟೀಚರ್, ಆಕೀದು ತಪ್ಪಲ್ರಿ," ಎಂದೆ. "ಡಾಕ್ಟರು ಸಣ್ಣ ಚೀಲ ಅಂದಿದ್ರು. ಒಂದು ಕಿಲೋ ಅಂದಿದ್ರು. ನನಗ ಕತ್ತರಿಸಾಕ ಆಗಲಿಲ್ಲ. ಅದಕ್ಕ ಹಂಗಽ ತಂದೆ."

"ಯಾಕ್ರಿ? ಜೀನ್ಸ್ ಹೊಲಿಯವರ ಮನ್ಯಾಗ ಕತ್ತರಿ ಇರಲಿಲ್ಲೇನು?"

"ಕತ್ತರಿ ಐತ್ರಿ. ಪ್ಯಾಂಟು ನಮ್ಮವರದು."

ಅಂದು ಬೆಳಗಿನಿಂದ ಮೂವತ್ತೆರಡು ಮಕ್ಕಳೂ ಒಂದೇ ಕಡೆ ಗಮನ ಕೊಟ್ಟದ್ದು ಆಗಲೇ. ಟೀಚರು ಪೊರಕೆ ತಂದು ನನ್ನ ಕೈಗೆ ಕೊಟ್ಟರು.

"ವಾರ ಇನ್ನೂ ಮುಗಿದಿಲ್ಲಲ್ರಿ," ಎಂದರು. "ಗಂಗಾ, ಚಾಪಿ ಅಲ್ಲೇ ಇಡು. ಅಕ್ಕಾರ, ನಾಳಿಗೆ ಸಣ್ಣದು ಮಾಡ್ಕೊಂಡು ಬರ್ರಿ. ಕಾಲು ಇರಬಾರದು."

ಆ ಸಂಜೆ ನಿರ್ಮಲಾಳ ಮನೆಯ ಕಟ್ಟೆಯ ಮೇಲೆ ಪ್ಯಾಂಟು ಹಾಸಿದೆ. ಎದುರುಮನೆಯ ದರ್ಜಿಯ ಕತ್ತರಿ ತರಿಸಿದೆ. ಗಂಗಾಳ ಕೈಗೆ ಸೀಮೆಸುಣ್ಣ ಕೊಟ್ಟು, "ನಿನಗ ಎಷ್ಟು ಬೇಕೋ ಅಷ್ಟಕ್ಕ ಗೆರಿ ಹೊಡಿ," ಎಂದೆ. ಒಂದು ಗೆರೆ ಎಳೆಯುವುದರಲ್ಲಿ ಮೂರು ಸಲ ಎದ್ದಳು. ಒಮ್ಮೆ ನಾಯಿ ನೋಡಲು, ಒಮ್ಮೆ ನೀರು ಕುಡಿಯಲು, ಒಮ್ಮೆ ಯಾಕೆಂದು ಅವಳಿಗೂ ಗೊತ್ತಿಲ್ಲ. ಗೆರೆ ಕಾಲುವೆಯ ಹಾಗೆ ಸುತ್ತಿಕೊಂಡು ಬಂತು. ನಮ್ಮವರು ನೋಡಿದ್ದರೆ ಅಂಥ ಗೆರೆಯ ಮೇಲೆ ಕತ್ತರಿ ಇಡುತ್ತಿರಲಿಲ್ಲ.

"ಅತ್ತೀ, ಕತ್ತರಿಸಿದ್ರ ಮಾಮಗ ನೋವಾಗತೈತೇನು?"

"ಇಲ್ಲವ್ವ. ಅವರು ಭಾಳ ಮಂದಿ ಪ್ಯಾಂಟು ಕತ್ತರಿಸ್ಯಾರ. ಯಾರಿಗೂ ನೋವಾಗಿಲ್ಲ."

"ಮತ್ತ ಕತ್ತರಿಸು. ನಾಳಿ ನನಗ ಒಳಗ ಕುಂದ್ರದೈತಿ."

ಅಷ್ಟೇ ಮಾತು. ಎಂಟು ತಿಂಗಳಿಂದ ಎಷ್ಟೋ ಜನ ಎಷ್ಟೋ ಸಮಾಧಾನ ಹೇಳಿದ್ದರು. ಇಷ್ಟು ನೇರವಾಗಿ ಯಾರೂ ಕೆಲಸ ಹೇಳಿರಲಿಲ್ಲ.

ಕತ್ತರಿಸಿದೆ. ದಪ್ಪ ಬಟ್ಟೆಗೆ ಕತ್ತರಿ ಹಾಕಿದಾಗ ಒಂದು ಸದ್ದು ಬರುತ್ತದೆ. ಮೂವತ್ತು ವರ್ಷ ಆ ಸದ್ದನ್ನು ಪಕ್ಕದಲ್ಲಿ ಕೂತು ಕೇಳಿದ್ದೆ. ನನ್ನ ಕೈಯಿಂದ ಅದು ಬಂದದ್ದು ಅದೇ ಮೊದಲು. ಗೆರೆ ಸೊಟ್ಟಗಿತ್ತು, ಕತ್ತರಿಯೂ ಸೊಟ್ಟಗೆ ಹೋಯಿತು, ಎರಡಕ್ಕೂ ಸರಿಹೋಯಿತು.

ತರಗತಿಯಿಂದ ಗುಡಿಸಿ ತಂದ ಭತ್ತದಲ್ಲಿ ಒಂದು ಕಿಲೋ ಹಾಕಿ ಕೈಯಲ್ಲೇ ಹೊಲಿದೆ. ಕೈಗೆ ಆಡಲು ಏನಾದರೂ ಇರಲಿ ಎಂದು ಹಿಂದಿನ ಜೇಬು ಬಿಚ್ಚಿ ಅದರ ಮೇಲೆ ಕೂಡಿಸಿದೆ. ಇದು ನನ್ನ ವಿಭಾಗ, ಇದರಲ್ಲಿ ತಪ್ಪುವ ಮಾತೇ ಇಲ್ಲ. ಬೆಳಿಗ್ಗೆ ನೋಡಿದರೆ ಜೇಬು ತಲೆಕೆಳಗಾಗಿತ್ತು. ಡೆಸ್ಕಿನ ಕೆಳಗಿನಿಂದ ಕೈ ಹಾಕಲು ಅನುಕೂಲವಾಗಲೆಂದು ಬೇಕಂತಲೇ ಹಾಗೆ ಹೊಲಿದೆ ಎಂದು ಟೀಚರಿಗೆ ಹೇಳಿದೆ. ಅವರು ಮೆಚ್ಚಿಕೊಂಡರು.

ಪವಾಡವೇನೂ ಆಗಲಿಲ್ಲ. ಮಂಗಳವಾರ ಒಂದು ಪೀರಿಯಡ್ಡಿನಲ್ಲಿ ಐದು ಸಲ ಎದ್ದಳು. ಬುಧವಾರವೂ ಐದು. ಟೀಚರು ಒಮ್ಮೆಗೆ ಒಂದೇ ಲೆಕ್ಕ ಕೊಟ್ಟರು, ಮುಗಿಸಿದ ಮೇಲೆ ಬೋರ್ಡು ಒರೆಸಲು ಕರೆದರು. ಗುರುವಾರ ಎದ್ದದ್ದು ಮೂರು ಸಲ. ಇದೆಲ್ಲ ನನಗೆ ಹೇಗೆ ಗೊತ್ತೆಂದರೆ, ನಾನು ಊರಿಗೆ ಹೋಗಲೇ ಇಲ್ಲ. ಹುಡುಗಿಯ ಭವಿಷ್ಯದ ಪ್ರಶ್ನೆ. ದಿನವೂ ಕಿಟಕಿಯ ಹೊರಗೆ ನಿಂತಿರುತ್ತಿದ್ದೆ. ಅವಳು ಈ ಕಡೆ ತಿರುಗಿದರೆ ಬೋರ್ಡು ನೋಡು ಎಂದು ಕೈಸನ್ನೆ ಮಾಡುತ್ತಿದ್ದೆ. ಚೆನ್ನಾಗಿ ಕೂತರೆ ತಲೆಯಾಡಿಸುತ್ತಿದ್ದೆ. ಬಳ್ಳಾರಿಯ ಮನೆಯಲ್ಲಿ ನನಗಾಗಿ ಯಾರೂ ಕಾಯುತ್ತಿರಲಿಲ್ಲ ಎಂಬುದನ್ನು ಈ ಜವಾಬ್ದಾರಿಯ ಗಡಿಬಿಡಿಯಲ್ಲಿ ಮರೆತಿದ್ದೆ.

ಶನಿವಾರ ಟೀಚರು ಹೊರಗೆ ಬಂದರು.

"ಅಕ್ಕಾರ, ಗಂಗಾ ಇನ್ ಮ್ಯಾಲ ಒಳಗಽ ಕುಂದ್ರತಾಳ್ರಿ. ಚಾಪಿ ಆಫೀಸಿಗೆ ಕಳಿಸೀನಿ."

ನಿರ್ಮಲಾ ಕಣ್ಣೊರೆಸಿಕೊಂಡಳು. ನಾನು ಕೈಮುಗಿದೆ.

"ಆದ್ರ ಒಂದು ಮಾತೈತ್ರಿ. ಆಕಿ ಲಕ್ಷ್ಯ ಈಗ ಹೋಗದು ಒಂದಽ ಕಡಿಗೆ. ಆ ಕಿಟಕಿಗೆ. ಅದೊಂದು ತಪ್ಪಿಸಿದ್ರ ಇನ್ನೂ ಸುಧಾರಿಸ್ತಾಳ."

"ತಪ್ಪಿಸೋಣ್ರಿ. ಏನೈತ್ರಿ ಆ ಕಿಟಕ್ಯಾಗ?"

ಟೀಚರು ಬಹಳ ಮರ್ಯಾದೆಯಿಂದ ಹೇಳಿದರು, "ನೀವು ಅದೀರಿ."

ನಾನು ಚಪ್ಪಲಿ ಹಾಕಿಕೊಂಡೆ. ಹೊರಡುವಾಗ ಬಾಗಿಲಲ್ಲಿ ಒಮ್ಮೆ ನಿಂತು ನೋಡಿದೆ. ಗಂಗಾ ಒಂದು ಕೈ ಜೇಬಿನಲ್ಲಿಟ್ಟು ಏನೋ ಬರೆಯುತ್ತಿದ್ದಳು. ತಲೆ ಎತ್ತಲಿಲ್ಲ. ನನಗೆ ಸ್ವಲ್ಪ ಬೇಸರವಾಯಿತು. ಆಗಬಾರದಿತ್ತು. ಅವಳು ತಲೆ ಎತ್ತದಿರಲಿ ಎಂದೇ ಇಷ್ಟೆಲ್ಲ ಮಾಡಿದ್ದು.

ಹೀಗೆ, ಗಮನಕ್ಕೆ ಭಂಗ ತಂದ ಕಾರಣಕ್ಕಾಗಿ ಆ ವಾರ ಕುರುಗೋಡಿನ ಆ ಶಾಲೆಯ ನಾಲ್ಕನೇ ತರಗತಿಯಿಂದ ಹೊರಗೆ ಕಳಿಸಲ್ಪಟ್ಟವರು ಒಬ್ಬರೇ. ವಯಸ್ಸು ಐವತ್ತಾರು.